ಹಲ್ಲಿನ ಡಾಕ್ಟರು ಚೀಟಿಯಲ್ಲಿ ‘36, ಆರ್‌ಸಿಟಿ, ಎಂಡೊ’ ಎಂದು ಬರೆದಿದ್ದಾರೆ. ಹಾಗಂದರೇನು?

36 ಅಂದರೆ ಮೂವತ್ತಾರನೇ ಹಲ್ಲಲ್ಲ, ಗಾಬರಿಯಾಗಬೇಡಿ! 3 ಎಂದರೆ ನಿಮ್ಮ ಕೆಳದವಡೆಯ ಎಡಭಾಗ, 6 ಎಂದರೆ ನಡುವಿನಿಂದ ಎಣಿಸಿದರೆ ಆರನೆಯದು. ಅದು ದವಡೆಹಲ್ಲು. ಆರ್‌ಸಿಟಿ ಎಂದರೆ ರೂಟ್ ಕೆನಾಲ್: ಕೆಟ್ಟ ತಿರುಳು ತೆಗೆದು, ಬೇರಿನೊಳಗಿನ ಕಾಲುವೆಗಳನ್ನು ಸೂಜಿಯಂಥ ಫೈಲುಗಳಿಂದ ಉಜ್ಜಿ ತೊಳೆದು, ರಬ್ಬರಿನಂಥ ಗಟಪರ್ಚಾ ತುಂಬುತ್ತಾರೆ. ಈ ಹಲ್ಲಿಗೆ ಸಾಮಾನ್ಯವಾಗಿ ಮೂರು ಕಾಲುವೆ, ಕೆಲವರಿಗೆ ನಾಲ್ಕು. ಒಂದು ತಪ್ಪಿಹೋದರೂ ನೋವು ಮರುಕಳಿಸಬಹುದು. ಅದಕ್ಕೇ ‘ಎಂಡೊ’, ಅಂದರೆ ಎಂಡೊಡಾಂಟಿಸ್ಟ್. ಹಲ್ಲಿನ ಡಾಕ್ಟರ ಮೊದಲ ಪದವಿ ಬಿಡಿಎಸ್ ಆದಮೇಲೆ 3 ವರ್ಷ ಎಂಡಿಎಸ್ ಎಂಬ ಸ್ನಾತಕೋತ್ತರ ಪದವಿಯಲ್ಲಿ ಇದನ್ನೇ ಓದಿದವರು. ಬಾಯಿಯ ಮುಂಭಾಗದ ಹಲ್ಲಾಗಿದ್ದರೆ ಮಾಮೂಲಿ ಡಾಕ್ಟರೇ ಸಾಕಿತ್ತೇನೋ. ಕ್ಲಿಪ್ ಹಾಕುವವರು ಆರ್ಥೊಡಾಂಟಿಸ್ಟ್, ವಸಡಿಗೆ ಪೆರಿಯೊಡಾಂಟಿಸ್ಟ್, ಹಲ್ಲಿನ ಸೆಟ್ಟಿಗೆ ಪ್ರಾಸ್ತೊಡಾಂಟಿಸ್ಟ್. ಅವರ್ಯಾರೂ ಈಗ ನಿಮಗೆ ಬೇಕಿಲ್ಲ.