ಅಪ್‌ಡೇಟ್ ಆದಮೇಲೆ ತೋಟದ ಮನೆಯ ಕಂಪ್ಯೂಟರ್ ಸಿಗುತ್ತಿಲ್ಲ ಎಂದ ಅಣ್ಣನಿಗೆ

ಅಣ್ಣ, ಫಾರ್ಮ್ಯಾಟ್ ಮಾಡಿಸಬೇಡಿ. ಕಂಪ್ಯೂಟರ್ ಅಂಗಡಿಯವರಿಗೆ ಎರಡು ದಿನ ತಡೆಯಿರಿ ಅಂತ ಹೇಳಿ. ನಿಮ್ಮ ತೊಂದರೆಗೆ ಅಷ್ಟು ದೂರ ಹೋಗುವ ಅಗತ್ಯ ಇಲ್ಲ ಅನ್ನಿಸುತ್ತದೆ.

ನೀವು ಗುಂಪಿನಲ್ಲಿ ಬರೆದದ್ದನ್ನು ಎರಡು ಸಲ ಓದಿದೆ. ಕಂಪ್ಯೂಟರ್ ಇರುವುದು ಹೊಳಲ್ಕೆರೆ ಕಡೆಯ ತೋಟದ ಮನೆಯಲ್ಲಿ. ಕಣದ ಕ್ಯಾಮೆರಾ, ಡ್ರಿಪ್‌ನಲ್ಲಿ ಬಿಡುವ ಗೊಬ್ಬರದ ಲೆಕ್ಕ, ಕೂಲಿ ಲೆಕ್ಕ ಎಲ್ಲ ಅದರಲ್ಲೇ. ನೀವಿರುವುದು ದಾವಣಗೆರೆಯಲ್ಲಿ. ಭಾನುವಾರ ತೋಟದಲ್ಲೇ ಕೂತು ವಿಂಡೋಸ್ 10ರಿಂದ 11ಕ್ಕೆ ಹಾಕಿದಿರಿ. ಸೋಮವಾರ ಸಂಜೆ ದಾವಣಗೆರೆಯಿಂದ ರಿಮೋಟ್ ಡೆಸ್ಕ್‌ಟಾಪ್ (ದೂರದಿಂದ ಆ ಕಂಪ್ಯೂಟರಿನ ಪರದೆ ತೆರೆದು ನಡೆಸುವ ವಿಂಡೋಸಿನ ಸೌಲಭ್ಯ) ಚೆನ್ನಾಗಿ ಸಿಕ್ಕಿತು. ಆಮೇಲೆ ತಿಂಗಳ ಅಪ್‌ಡೇಟ್ ಬಂತು. ಗುರುವಾರ ಬೆಳಿಗ್ಗೆಯಿಂದ ಕನೆಕ್ಟ್ ಆಗುತ್ತಿಲ್ಲ. ಮಧ್ಯೆ ಟೇಲ್‌ಸ್ಕೇಲ್ ಇದೆ, ಅಂದರೆ ನಿಮ್ಮ ಕಂಪ್ಯೂಟರ್, ಫೋನುಗಳನ್ನು ಇಂಟರ್ನೆಟ್ಟಿನಲ್ಲಿ ಖಾಸಗಿ ದಾರಿಯಿಂದ ಜೋಡಿಸುವ ಪ್ರೋಗ್ರಾಮು. ಇಷ್ಟು ತಾನೆ? ಕಣದಲ್ಲಿ ಅಡಿಕೆ ಒಣಗುತ್ತಿರುವಾಗ ಕ್ಯಾಮೆರಾ ಕಾಣದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ನಮ್ಮದೂ ಭೀಮಸಮುದ್ರದ ಹತ್ತಿರ ತೋಟ, ಆ ಸಂಕಟ ನನಗೆ ಗೊತ್ತು.

ನಿಮ್ಮ ಮಾತಿನಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಸೋಮವಾರದ ವಿಷಯ. 11ಕ್ಕೆ ಹೋದಮೇಲೂ ಒಂದು ದಿನ ಸಿಕ್ಕಿದೆ. ಅಂದರೆ ವಿಂಡೋಸ್ 11 ನಿಮ್ಮ ರಿಮೋಟನ್ನು ಕೆಡಿಸಿಲ್ಲ. ಮೈಕ್ರೋಸಾಫ್ಟ್ ತಿಂಗಳ ಅಪ್‌ಡೇಟ್ ಬಿಡುವುದು ಎರಡನೇ ಮಂಗಳವಾರ. ನಮಗೆ ಅದು ಮಂಗಳವಾರ ತಡರಾತ್ರಿ. ಬುಧವಾರ ಇಳಿದು, ಆ ರಾತ್ರಿ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿರುತ್ತದೆ. ಭಾನುವಾರ ನೀವೇ ಲಾಗಿನ್ ಆಗಿ ಬಂದಿದ್ದಿರಿ. ಗುರುವಾರ ಬೆಳಿಗ್ಗೆ ಅಲ್ಲಿ ಯಾರೂ ಲಾಗಿನ್ ಆಗಿಲ್ಲ. ನನ್ನ ಅನುಮಾನ ಇರುವುದು ಅಪ್‌ಡೇಟಿನ ಮೇಲಲ್ಲ, ಈ ರೀಸ್ಟಾರ್ಟ್ ಮೇಲೆ.

ಯಾಕೆ ಅಂದರೆ, ವಿಂಡೋಸಿನಲ್ಲಿ ಟೇಲ್‌ಸ್ಕೇಲ್ ಹಾಕಿದಾಗ ಅದು ಸುಮ್ನೆ ಬಿಟ್ಟರೆ ಯಾರಾದರೂ ಲಾಗಿನ್ ಆದಮೇಲೆ ಮಾತ್ರ ಕನೆಕ್ಟ್ ಆಗುತ್ತದೆ. ಕಂಪ್ಯೂಟರ್ ಆನ್ ಇರಬಹುದು, ಇಂಟರ್ನೆಟ್ ಬರುತ್ತಿರಬಹುದು, ಪಾಸ್‌ವರ್ಡ್ ಕೇಳುವ ಪರದೆಯಲ್ಲಿ ನಿಂತಿದ್ದರೆ ಟೇಲ್‌ಸ್ಕೇಲ್ ಮಟ್ಟಿಗೆ ಅದು ಇಲ್ಲವೇ ಇಲ್ಲ. ಅಪ್‌ಡೇಟ್ ಆದಮೇಲೆ ತಾನೇ ಲಾಗಿನ್ ಆಗಿ ಲಾಕ್ ಮಾಡಿಕೊಳ್ಳುವ ಆಯ್ಕೆಯೊಂದು ವಿಂಡೋಸಿನಲ್ಲಿದೆ, ಕೆಲವರಿಗೆ ಅದರಿಂದ ಈ ತೊಂದರೆ ಕಾಣುವುದಿಲ್ಲ. ಆದರೆ ಕರೆಂಟ್ ಹೋಗಿ ಬಂದರೆ ಅದೂ ಕೆಲಸಕ್ಕೆ ಬಾರದು.

ಇದನ್ನು ದಾವಣಗೆರೆಯಲ್ಲೇ ಕೂತು ಈಗಲೇ ನೋಡಬಹುದು. ಫೋನಿನಲ್ಲಿ ಟೇಲ್‌ಸ್ಕೇಲ್ ಆ್ಯಪ್ ತೆರೆಯಿರಿ. ಪಟ್ಟಿಯಲ್ಲಿ ತೋಟದ ಕಂಪ್ಯೂಟರಿನ ಹೆಸರಿನ ಪಕ್ಕ ಹಸಿರು ಚುಕ್ಕೆ ಇದೆಯಾ? ಹಸಿರು ಇದ್ದರೆ ದಾರಿ ಸರಿ ಇದೆ, ತೊಂದರೆ ಕಂಪ್ಯೂಟರಿನ ಒಳಗಿದೆ. ಇಲ್ಲದಿದ್ದರೆ ರಿಮೋಟ್ ಡೆಸ್ಕ್‌ಟಾಪ್ ಸೆಟ್ಟಿಂಗ್ ಮುಟ್ಟುವುದೇ ಬೇಡ, ನೀವು ಇನ್ನೂ ಅಲ್ಲಿಯವರೆಗೆ ಹೋಗಿಯೇ ಇಲ್ಲ. ಡ್ರಿಪ್ಪಿನಲ್ಲಿ ಕೊನೆಯ ಗಿಡಕ್ಕೆ ನೀರು ಬರದಿದ್ದರೆ ನಾವು ಮೊದಲು ಮೋಟರ್ ಓಡುತ್ತಿದೆಯಾ ನೋಡುತ್ತೇವೆ, ಆಮೇಲೆ ಫಿಲ್ಟರ್, ಆಮೇಲೆ ಲ್ಯಾಟರಲ್. ಇಲ್ಲೂ ಅದೇ ಕ್ರಮ.

ಚುಕ್ಕೆ ಹಸಿರಿಲ್ಲ ಅಂತ ಇಟ್ಟುಕೊಳ್ಳಿ. ತೋಟದಲ್ಲಿ ಇರುವವರಿಗೆ ಫೋನ್ ಮಾಡಿ ಪರದೆಯ ಫೋಟೋ ಕಳಿಸಲು ಹೇಳಿ. ಏನನ್ನೂ ಒತ್ತುವುದು ಬೇಡ, ಬರೀ ಫೋಟೋ. ಪರದೆ ಕಪ್ಪಾಗಿದ್ದರೆ ಮಾತ್ರ ಮೌಸ್ ಅಲ್ಲಾಡಿಸಲಿ. ಎದ್ದರೆ ಅದು ಸ್ಲೀಪ್‌ಗೆ ಹೋಗಿದ್ದಿರಬಹುದು, ಬರೀ ಪರದೆ ಆರಿದ್ದೂ ಇರಬಹುದು. ಹೊಸ ವಿಂಡೋಸಿಗೆ ಹೋದಾಗ ಪವರ್ ಸೆಟ್ಟಿಂಗ್ ಬದಲಾಗಿರಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಎಂಬಲ್ಲಿ ಸ್ಲೀಪ್ ಅನ್ನು ನೆವರ್ ಮಾಡಿಬಿಡಿ. ಗಡಿಯಾರ ತೋರಿಸುವ ಲಾಕ್ ಪರದೆ ಬಂದರೆ ಬಹುಶಃ ನನ್ನ ಅನುಮಾನವೇ ಸರಿ. ನೀಲಿ ಪರದೆಯಲ್ಲಿ ರಿಕವರಿ ಕೀ ಕೇಳುತ್ತಿದ್ದರೆ ಅದು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. ಗಾಬರಿ ಬೇಡ, ಡಿಸ್ಕ್ ಕೆಟ್ಟಿಲ್ಲ. 48 ಅಂಕಿಯ ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ, ಡಿವೈಸ್ ಪಟ್ಟಿಯ ಕೆಳಗೆ ಉಳಿದಿರುತ್ತದೆ. ಅದನ್ನು ಹುಡುಕಿ ಕಾಗದದಲ್ಲಿ ಬರೆದಿಡಿ. ಫಾರ್ಮ್ಯಾಟ್ ಮಾಡಿಸಿದ್ದರೆ ಈ ಸಣ್ಣ ಕೆಲಸಕ್ಕೆ ಕೂಲಿ ಲೆಕ್ಕವೆಲ್ಲ ಹೋಗುತ್ತಿತ್ತು, ನೋಡಿ.

ಲಾಕ್ ಪರದೆಯೇ ಇದ್ದರೆ, ನಂಬಿಕೆಯವರು ಯಾರಾದರೂ ಇದ್ದರೆ ಫೋನಿನಲ್ಲೇ ಪಿನ್ ಹೇಳಿ ಒಮ್ಮೆ ಲಾಗಿನ್ ಮಾಡಿಸಿ. ಪಾಸ್‌ವರ್ಡ್ ಹೇಳಬೇಡಿ, ಪಿನ್ ಮಾತ್ರ. ಪಿನ್ ಆ ಒಂದು ಕಂಪ್ಯೂಟರಿಗೆ ಮಾತ್ರ ಸೇರಿದ್ದು, ಬೇರೆ ಕಡೆಯಿಂದ ನಿಮ್ಮ ಅಕೌಂಟಿಗೆ ಅದು ನಡೆಯುವುದಿಲ್ಲ. ಕೆಲಸ ಮುಗಿದಮೇಲೆ ಬದಲಾಯಿಸಿಕೊಳ್ಳಿ. ಲಾಗಿನ್ ಆಗಿ ಒಂದೆರಡು ನಿಮಿಷಕ್ಕೆ ಚುಕ್ಕೆ ಹಸಿರಾದರೆ ನೀವು ಅಲ್ಲಿಂದಲೇ ಒಳಗೆ ಹೋಗಬಹುದು. ಹೋದ ತಕ್ಷಣ ಗಡಿಯಾರದ ಪಕ್ಕದ ಟೇಲ್‌ಸ್ಕೇಲ್ ಚಿಹ್ನೆಯ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಿಫರೆನ್ಸಸ್‌ನಲ್ಲಿ 'ರನ್ ಅನ್‌ಅಟೆಂಡೆಡ್' ಆನ್ ಮಾಡಿ. ಆಮೇಲೆ ಯಾರೂ ಲಾಗಿನ್ ಆಗದಿದ್ದರೂ ದಾರಿ ತೆರೆದಿರುತ್ತದೆ. ನಿಮಗೆ ಬೇಕಾದದ್ದು ಬಹುಶಃ ಇದೊಂದೇ.

ಇನ್ನೊಂದನ್ನೂ ಅಲ್ಲೇ ನೋಡಿಬಿಡಿ. ಟೇಲ್‌ಸ್ಕೇಲಿನ ಕೀ, ಅಂದರೆ ಆ ಕಂಪ್ಯೂಟರಿಗೆ ಅದು ಕೊಟ್ಟ ಒಪ್ಪಿಗೆ, ಸುಮ್ನೆ ಬಿಟ್ಟರೆ 180 ದಿನಕ್ಕೆ ಮುಗಿಯುತ್ತದೆ. ಮತ್ತೆ ಲಾಗಿನ್ ಕೇಳುತ್ತದೆ. ಅದು ಅಪ್‌ಡೇಟ್ ಬಂದ ವಾರವೇ ಮುಗಿದರೆ ಎಲ್ಲರೂ ಅಪ್‌ಡೇಟನ್ನೇ ಬೈಯುತ್ತಾರೆ. ಬ್ರೌಸರಿನಲ್ಲಿ ಟೇಲ್‌ಸ್ಕೇಲ್ ಅಕೌಂಟ್ ತೆರೆದು, ಮೆಷಿನ್ಸ್ ಪಟ್ಟಿಯಲ್ಲಿ ತೋಟದ ಕಂಪ್ಯೂಟರಿನ ಎದುರಿನ ಮೂರು ಚುಕ್ಕೆ ಒತ್ತಿ, 'ಡಿಸೇಬಲ್ ಕೀ ಎಕ್ಸ್‌ಪೈರಿ' ಕೊಡಿ. ಕಂಪ್ಯೂಟರ್ ಕಳುವಾದರೆ ಮಾತ್ರ ಮರೆಯದೆ ಅದೇ ಪಟ್ಟಿಯಿಂದ ತೆಗೆದುಹಾಕಿ.

ಈಗ ಚುಕ್ಕೆ ಹಸಿರು ಇದ್ದೂ ಸಿಗದಿದ್ದರೆ ಏನು? ಆಗ ಬರುವ ಮೆಸೇಜನ್ನು ಸರಿಯಾಗಿ ಓದಬೇಕು. 'ಕನೆಕ್ಟ್ ಆಗುತ್ತಿಲ್ಲ' ಎಂದರೆ ಏನೂ ಗೊತ್ತಾಗುವುದಿಲ್ಲ ಅಣ್ಣ. 'ಕಾಂಟ್ ಕನೆಕ್ಟ್ ಟು ದ ರಿಮೋಟ್ ಕಂಪ್ಯೂಟರ್' ಅಂತ ಬಂದರೆ ಬಾಗಿಲೇ ತೆರೆದಿಲ್ಲ. 'ಯುವರ್ ಕ್ರೆಡೆನ್ಷಿಯಲ್ಸ್ ಡಿಡ್ ನಾಟ್ ವರ್ಕ್' ಅಂತ ಬಂದರೆ ಬಾಗಿಲವರೆಗೂ ಹೋಗಿದ್ದೀರಿ, ಬೀಗದ ಕೈ ಹತ್ತುತ್ತಿಲ್ಲ. ಎರಡಕ್ಕೂ ಮದ್ದು ಬೇರೆ.

ಬಾಗಿಲು ತೆರೆಯದಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಮೋಟ್ ಡೆಸ್ಕ್‌ಟಾಪ್ ಆನ್ ಇದೆಯಾ ನೋಡಿ. ಆಮೇಲೆ ನೆಟ್‌ವರ್ಕ್ ಸೆಟ್ಟಿಂಗಿಗೆ ಹೋಗಿ ತೋಟದ ಮನೆಯ ವೈಫೈ 'ಪಬ್ಲಿಕ್' ಅಂತ ಆಗಿದ್ದರೆ 'ಪ್ರೈವೇಟ್' ಮಾಡಿ. ಪಬ್ಲಿಕ್ ಅಂದರೆ ಬಸ್ ನಿಲ್ದಾಣದ ವೈಫೈ ಥರ, ವಿಂಡೋಸ್ ಯಾರನ್ನೂ ಒಳಗೆ ಬಿಡದೆ ಬಿಗಿಯಾಗಿ ಕೂರುತ್ತದೆ. ಫೈರ್‌ವಾಲಿನ (ಹೊರಗಿನವರನ್ನು ತಡೆಯುವ ಕಾವಲು) 'ಅಲೋ ಆ್ಯನ್ ಆ್ಯಪ್' ಪಟ್ಟಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಎದುರು ಟಿಕ್ ಇರಬೇಕು. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ಅದರದೇ ಫೈರ್‌ವಾಲ್ ಇರುತ್ತದೆ, ಅಲ್ಲೂ ನೋಡಿ. ಅಂದಹಾಗೆ ಪಿಂಗ್ (ಕಂಪ್ಯೂಟರ್ ಉತ್ತರ ಕೊಡುತ್ತದಾ ಎಂದು ನೋಡುವ ಪರೀಕ್ಷೆ) ಬರುತ್ತಿಲ್ಲ ಅಂತ ಹೆದರಬೇಡಿ. ವಿಂಡೋಸ್ ಫೈರ್‌ವಾಲ್ ಪಿಂಗನ್ನು ತಡೆಯುವುದು ಮಾಮೂಲು.

ಬೀಗದ ಕೈ ಹತ್ತದಿದ್ದರೆ ಹೆಚ್ಚಾಗಿ ಪಿನ್ ಗೊಂದಲ. ರಿಮೋಟ್ ಡೆಸ್ಕ್‌ಟಾಪಿಗೆ ಪಿನ್ ನಡೆಯುವುದಿಲ್ಲ, ಪಾಸ್‌ವರ್ಡೇ ಬೇಕು. ದಿನವೂ ನಾಲ್ಕು ಅಂಕಿ ಒತ್ತಿ ಒಳಗೆ ಹೋಗುವವರಿಗೆ ಪಾಸ್‌ವರ್ಡ್ ಏನಿತ್ತು ಅನ್ನುವುದೇ ಮರೆತಿರುತ್ತದೆ. ಮೈಕ್ರೋಸಾಫ್ಟ್ ಅಕೌಂಟ್ ಆದರೆ ಇನ್ನೊಂದು ತೊಡಕು ಇದೆ. ಆ ಕಂಪ್ಯೂಟರಿನ ಎದುರು ಕೂತು ಒಮ್ಮೆಯಾದರೂ ಪಾಸ್‌ವರ್ಡ್ ಹಾಕಿ ಲಾಗಿನ್ ಆಗಿರಬೇಕು, ಇಲ್ಲದಿದ್ದರೆ ಸರಿಯಾದ ಪಾಸ್‌ವರ್ಡನ್ನೂ ಅದು ತಪ್ಪು ಅನ್ನಬಹುದು. ಸೈನ್ ಇನ್ ಆಪ್ಷನ್ಸ್‌ನಲ್ಲಿ 'ವಿಂಡೋಸ್ ಹಲೋ (ಪಿನ್, ಬೆರಳಚ್ಚು, ಮುಖ) ಮಾತ್ರ' ಎಂಬ ಅರ್ಥದ ಒಂದು ಆಯ್ಕೆ ಇದೆ. ಅದು ಆನ್ ಇದ್ದರೆ ಲಾಕ್ ಪರದೆಯಲ್ಲಿ ಪಾಸ್‌ವರ್ಡ್ ಹಾಕುವ ಜಾಗವೇ ಕಾಣುವುದಿಲ್ಲ. ಮೊದಲು ಅದನ್ನು ಆಫ್ ಮಾಡಿ. ಪಾಸ್‌ವರ್ಡೇ ಇಲ್ಲದ ಲೋಕಲ್ ಅಕೌಂಟ್ (ಆ ಕಂಪ್ಯೂಟರಿನಲ್ಲಿ ಮಾತ್ರ ಇರುವ ಅಕೌಂಟ್) ಇಟ್ಟುಕೊಂಡವರಿಗೆ ಹೊರಗಿಂದ ಪ್ರವೇಶ ಸಿಗುವುದಿಲ್ಲ, ವಿಂಡೋಸ್ ಬೇಕೆಂದೇ ತಡೆಯುತ್ತದೆ. ನಾನಾದರೆ ರಿಮೋಟಿಗೆಂದೇ ಬೇರೆ ಲೋಕಲ್ ಅಕೌಂಟ್ ಮಾಡಿ, ಉದ್ದದ ಪಾಸ್‌ವರ್ಡ್ ಕೊಟ್ಟು, ರಿಮೋಟ್ ಡೆಸ್ಕ್‌ಟಾಪ್ ಸೆಟ್ಟಿಂಗಿನಲ್ಲಿರುವ ಬಳಕೆದಾರರ ಪಟ್ಟಿಗೆ ಸೇರಿಸುತ್ತೇನೆ. ನಮ್ಮ ತೋಟದಲ್ಲಿ ಹಾಗೇ ಮಾಡಿದ್ದೇನೆ.

ಮೆಸೇಜಿನಲ್ಲಿ 'ಕ್ರೆಡ್‌ಎಸ್‌ಎಸ್‌ಪಿ' (ರಿಮೋಟಿನಲ್ಲಿ ಪಾಸ್‌ವರ್ಡ್ ಒಪ್ಪಿಸುವ ವಿಧಾನ) ಎಂಬ ಪದ ಕಂಡರೆ ಎರಡು ಕಂಪ್ಯೂಟರಿನಲ್ಲಿ ಒಂದು ತುಂಬಾ ಹಳೆಯ ಸ್ಥಿತಿಯಲ್ಲಿದೆ ಎಂದರ್ಥ. 2018ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಅದರಲ್ಲಿದ್ದ ಒಂದು ಭದ್ರತಾ ರಂಧ್ರ ಮುಚ್ಚಿತು, ಮೇ ತಿಂಗಳಿಂದ ಅದನ್ನು ಕಡ್ಡಾಯದಂತೆ ಮಾಡಿತು. ಅಂದಿನಿಂದ ಒಂದು ಕಡೆ ಅಪ್‌ಡೇಟ್ ಆಗಿ ಇನ್ನೊಂದು ಕಡೆ ಆಗದಿದ್ದರೆ ಮಾತು ಕೂಡುವುದಿಲ್ಲ. ದಾವಣಗೆರೆಯ ಲ್ಯಾಪ್‌ಟಾಪ್ ವರ್ಷಗಟ್ಟಲೆ ಅಪ್‌ಡೇಟ್ ಕಂಡಿಲ್ಲವಾದರೆ ಅದನ್ನು ಅಪ್‌ಡೇಟ್ ಮಾಡಿ. ಭದ್ರತೆ ಸಡಿಲ ಮಾಡುವ ಉಪಾಯ ಹೇಳುವ ವಿಡಿಯೋ ಬೇಕಾದಷ್ಟು ಸಿಗುತ್ತವೆ, ಅವು ಬೇಡ.

ಕನೆಕ್ಟ್ ಆಗಿ ಸ್ವಲ್ಪ ಹೊತ್ತಿಗೆ ಪರದೆ ಕಲ್ಲಿನ ಹಾಗೆ ನಿಂತುಬಿಟ್ಟರೆ ನೀವು ಕನೆಕ್ಟ್ ಮಾಡುವ ಲ್ಯಾಪ್‌ಟಾಪಿನ ಪಾಲಿಸಿ ಎಡಿಟರಿನಲ್ಲಿ (ವಿಂಡೋಸ್ ಪ್ರೋದಲ್ಲಿರುವ ಸೆಟ್ಟಿಂಗ್ ಸಾಧನ) 'ಟರ್ನ್ ಆಫ್ ಯುಡಿಪಿ ಆನ್ ಕ್ಲೈಂಟ್' ಆನ್ ಮಾಡಿ ನೋಡಿ. ನಮ್ಮ ಕಡೆಯ ಇಂಟರ್ನೆಟ್ಟಿಗೆ ಅದರಿಂದ ಅನುಕೂಲವೇ ಆಗಿದೆ.

ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ನಲ್ಲಿ ಎಡಿಷನ್ ಯಾವುದು ಅಂತಲೂ ನೋಡಿ. ಹೋಮ್ ಅಂತಿದ್ದರೆ ಅದು ಬೇರೆ ಕಂಪ್ಯೂಟರಿಗೆ ಹೋಗಬಲ್ಲದು, ತನ್ನೊಳಗೆ ಯಾರನ್ನೂ ಬಿಟ್ಟುಕೊಳ್ಳಲಾರದು. ಅದಕ್ಕೆ ಪ್ರೋ ಬೇಕು. ಹೋಮ್‌ನಲ್ಲೇ ನಡೆಯುವ ಹಾಗೆ ಆರ್‌ಡಿಪಿ ರ‍್ಯಾಪರ್ ಎಂಬ ಹೊರಗಿನ ಪ್ರೋಗ್ರಾಮು ಹಾಕಿಕೊಡುವವರು ಇದ್ದಾರೆ. ಅದು ವಿಂಡೋಸಿನ ಒಂದು ಫೈಲಿನ ಇಂಥ ಜಾಗದಲ್ಲಿ ಇಂಥದ್ದಿದೆ ಅಂತ ಲೆಕ್ಕ ಹಿಡಿದು ಕೆಲಸ ಮಾಡುತ್ತದೆ. ಅಪ್‌ಡೇಟಿನಲ್ಲಿ ಆ ಫೈಲು ಬದಲಾದರೆ ಲೆಕ್ಕ ತಪ್ಪಿ ನಿಂತುಹೋಗುತ್ತದೆ. ಸೋಮವಾರ 11ರಲ್ಲೂ ಸಿಕ್ಕಿದ್ದರಿಂದ ನಿಮ್ಮದು ಇದಲ್ಲ ಅನ್ನಿಸುತ್ತದೆ. ಆದರೆ ಗುಂಪಿನಲ್ಲಿ ಪ್ರತಿ ತಿಂಗಳು ನಿಂತುಹೋಗುತ್ತದೆ ಅನ್ನುವವರು ಇದನ್ನೇ ಮೊದಲು ನೋಡಿ. ಹೋಮ್ ಇರುವವರು ರಸ್ಟ್‌ಡೆಸ್ಕ್, ಎನಿಡೆಸ್ಕ್ ಅಥವಾ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಬಳಸುವುದು ಒಳ್ಳೆಯದು. ಡೌನ್‌ಲೋಡ್ ಆದ ಫೈಲನ್ನು ಹಾಗೇ ಓಡಿಸಬೇಡಿ, ಪೂರ್ತಿ ಇನ್‌ಸ್ಟಾಲ್ ಮಾಡಿ ಕಾಯಂ ಪಾಸ್‌ವರ್ಡ್ ಕೊಡಿ. ಇಲ್ಲದಿದ್ದರೆ ರೀಸ್ಟಾರ್ಟ್ ಆದಾಗ ಅವೂ ಕಾಣುವುದಿಲ್ಲ.

ಗುಂಪಿನಲ್ಲಿ ಒಬ್ಬರು ಫೈರ್‌ವಾಲ್ ಪೂರ್ತಿ ಆಫ್ ಮಾಡಿ ಎಂದಿದ್ದಾರೆ. ಇನ್ನೊಬ್ಬರು ರೌಟರಿನಲ್ಲಿ 3389 ಪೋರ್ಟ್ (ರಿಮೋಟ್ ಡೆಸ್ಕ್‌ಟಾಪ್ ಬಳಸುವ ಬಾಗಿಲು) ಇಂಟರ್ನೆಟ್ಟಿಗೆ ತೆರೆಯಿರಿ, ಟೇಲ್‌ಸ್ಕೇಲ್ ಯಾಕೆ ಎಂದಿದ್ದಾರೆ. ಇಬ್ಬರೂ ಸಹಾಯ ಮಾಡಲೆಂದೇ ಬರೆದಿದ್ದಾರೆ. ಆದರೆ ದಯವಿಟ್ಟು ಎರಡೂ ಮಾಡಬೇಡಿ. ನಮ್ಮ ಸೋದರಮಾವನ ಅಂಗಡಿಯಲ್ಲಿ ಹೀಗೇ 3389 ತೆರೆದಿಟ್ಟಿದ್ದರು. ಪಾಸ್‌ವರ್ಡ್ ಅಂಗಡಿಯ ಹೆಸರೇ. ಒಂದು ದಿನ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಯಾವ ಫೈಲೂ ತೆರೆಯಲಿಲ್ಲ, ದುಡ್ಡು ಕೇಳುವ ಒಂದು ಚೀಟಿ ಮಾತ್ರ ಇತ್ತು. ಅಡಿಕೆ ಕೊಟ್ಟು ಹೋದ ರೈತರ ಲೆಕ್ಕವೆಲ್ಲ ಅದರಲ್ಲಿತ್ತು. ಮಾವ ಪೆನ್ನು ಹಿಡಿದು, ಒಬ್ಬೊಬ್ಬರ ಚೀಟಿ ತರಿಸಿ, ಎರಡು ತಿಂಗಳು ಕೂತು ಮತ್ತೆ ಬರೆದರು. ರೈತರು ಯಾರೂ ಮೋಸ ಮಾಡಲಿಲ್ಲ, ಆದರೆ ಮಾವ ಆ ಎರಡು ತಿಂಗಳಲ್ಲಿ ಸೊರಗಿದ್ದು ನಾನು ನೋಡಿದ್ದೇನೆ. ಪೋರ್ಟ್ ಸಂಖ್ಯೆ ಬದಲಾಯಿಸಿದರೂ ಹುಡುಕುವ ಪ್ರೋಗ್ರಾಮುಗಳಿಗೆ ಸಿಕ್ಕೇ ಸಿಗುತ್ತದೆ. 2019ರ ಮೇ ತಿಂಗಳಲ್ಲಿ ಹಳೆಯ ವಿಂಡೋಸ್‌ಗಳ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಬ್ಲೂಕೀಪ್ ಎಂಬ ದೋಷ ಸಿಕ್ಕಾಗ, ಬೆಂಬಲ ನಿಲ್ಲಿಸಿ ವರ್ಷಗಳೇ ಆಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿತ್ತು. ಪಾಸ್‌ವರ್ಡೇ ಇಲ್ಲದೆ ಒಳಗೆ ನುಗ್ಗಬಹುದಾದ ದೋಷ ಅದು.

ವಿಂಡೋಸ್ 10ಕ್ಕೇ ಹಿಂತಿರುಗಲಾ ಎಂದು ಕೇಳಿದ್ದೀರಿ. ರಿಕವರಿ ಎಂಬಲ್ಲಿ 10 ದಿನದೊಳಗೆ 'ಗೋ ಬ್ಯಾಕ್' ಸಿಗುತ್ತದೆ, ನಿಜ. ಆದರೆ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ರಿಮೋಟ್ ಇಟ್ಟುಕೊಂಡ ಕಂಪ್ಯೂಟರ್ ಹಳೆಯದರಲ್ಲಿ ಇರುವುದು ನನಗೆ ಸರಿ ಕಾಣುವುದಿಲ್ಲ. 11ರಲ್ಲೇ ಇರಿ. ಈ ತಿಂಗಳ ಅಪ್‌ಡೇಟೇ ಕಾರಣ ಅಂತ ಖಾತ್ರಿಯಾದರೆ ಅಪ್‌ಡೇಟ್ ಹಿಸ್ಟರಿಯಿಂದ ಅದೊಂದನ್ನು ತೆಗೆಯಬಹುದು. ಕೊಯ್ಲಿನ ಸಮಯದಲ್ಲಿ ನಾನು ಅಪ್‌ಡೇಟನ್ನು ಒಂದೆರಡು ವಾರ ತಡೆದಿಟ್ಟು (ಪಾಜ್), ತೋಟಕ್ಕೆ ಹೋದ ದಿನ ಎದುರಿಗೇ ಹಾಕುತ್ತೇನೆ.

ಮುಂದಿನ ಸಲ ತೋಟಕ್ಕೆ ಹೋದಾಗ ಎರಡು ಕೆಲಸ ಮಾಡಿ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ವಿಂಡೋಸಿಗೂ ಮೊದಲು ಬರುವ ಸೆಟ್ಟಿಂಗ್) 'ಎಸಿ ಪವರ್ ಲಾಸ್' ಎಂಬರ್ಥದ ಆಯ್ಕೆ ಹುಡುಕಿ 'ಪವರ್ ಆನ್' ಮಾಡಿ. ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ತಾನೇ ಏಳುತ್ತದೆ. ರೌಟರನ್ನೂ ಯುಪಿಎಸ್‌ಗೆ ಹಾಕಿ, ತುಂಬಾ ಜನ ಕಂಪ್ಯೂಟರನ್ನು ಮಾತ್ರ ಹಾಕಿ ರೌಟರ್ ಮರೆಯುತ್ತಾರೆ. ಆಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಲಾಗಿನ್ ಆಗದೆ ಹಾಗೇ ಬಿಟ್ಟು ಹೊರಗೆ ಬನ್ನಿ. ಬೇಲಿಯ ಹತ್ತಿರ ನಿಂತು, ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಕನೆಕ್ಟ್ ಮಾಡಿ. ಸಿಕ್ಕರೆ ಮಾತ್ರ ಬಸ್ ಹತ್ತಿ. ಸಿಗದಿದ್ದರೆ ಇನ್ನೂ ಅಲ್ಲೇ ಇದ್ದೀರಲ್ಲ, ಒಳಗೆ ಹೋಗಿ ನೋಡಬಹುದು.

ಈಗ ಮೂರು ವಿಷಯ ಇಲ್ಲೇ ಹಾಕಿ: ಚುಕ್ಕೆ ಹಸಿರಾ ಅಲ್ವಾ, ಮೆಸೇಜಿನ ಫೋಟೋ, ತೋಟದಿಂದ ಬಂದ ಪರದೆಯ ಫೋಟೋ. ಫೋಟೋದಲ್ಲಿ ನಿಮ್ಮ ಮೇಲ್ ಐಡಿ ಕಂಡರೆ ಅಳಿಸಿ ಹಾಕಿ. ನಾನು ರಾತ್ರಿ ಎಂಟರ ಮೇಲೆ ಬಿಡುವಾಗಿರುತ್ತೇನೆ, ನೋಡಿ ಹೇಳುತ್ತೇನೆ.