ಪೆಟ್ ಟ್ರೇಸರ್ ಪರೀಕ್ಷೆಗೆ ಹೋಗುವ ಮುಂಚೆ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಓದಿ

ನೀವು ಹಾಸನದವರು, ಜರ್ಮನಿಯಲ್ಲಿ ಓದುತ್ತಿದ್ದೀರಿ. ಮಿದುಳಿನ ರಿಸೆಪ್ಟರ್ ತೋರಿಸುವ ಹೊಸ ಪೆಟ್ ಟ್ರೇಸರ್‌ನ ಪರೀಕ್ಷೆಗೆ ಆರೋಗ್ಯವಂತರು ಬೇಕು ಅನ್ನೋ ನೋಟಿಸ್ ನೋಡಿದ್ದೀರಿ. ಪೆಟ್ ಅಂದರೆ ಒಂದು ಬಗೆಯ ಸ್ಕ್ಯಾನ್, ಟ್ರೇಸರ್ ಅಂದರೆ ಅದಕ್ಕಾಗಿ ಮೈಗೆ ಚುಚ್ಚುವ, ಸ್ವಲ್ಪ ವಿಕಿರಣ ಸೂಸುವ ವಸ್ತು, ರಿಸೆಪ್ಟರ್ ಅಂದರೆ ಮಿದುಳಿನ ಕೋಶಗಳಲ್ಲಿ ರಾಸಾಯನಿಕಗಳು ಬಂದು ಕೂರುವ ಜಾಗ. ವಿಕಿರಣ ಎಷ್ಟು ಅಪಾಯ, ಸಿಗುವ ದುಡ್ಡಿಗೆ ಇದು ತಕ್ಕುದೇ, ಮನೇಲಿ ಹೇಳದೆ ಹೋಗಬಹುದಾ ಅಂತ ನಿಮ್ಮ ಪ್ರಶ್ನೆ. ನಾನು ಚಿಕ್ಕಮಗಳೂರಿನವಳು. ಓದುವಾಗ ಅದೇ ದೇಶದಲ್ಲಿ ಇಂಥದೇ ಪರೀಕ್ಷೆಗೆ ಮಲಗಿದ್ದೆ. ನನ್ನ ಸ್ಕ್ಯಾನ್ ಯಾರ ಉಪಯೋಗಕ್ಕೂ ಬರಲಿಲ್ಲ.

ನಮ್ಮದು ಅಡಿನೋಸಿನ್ ಎ1 ರಿಸೆಪ್ಟರ್‌ಗೆ ಅಂಟುವ ಟ್ರೇಸರ್. ಎಚ್ಚರ ಇದ್ದಷ್ಟು ಹೊತ್ತೂ ಮಿದುಳಲ್ಲಿ ಅಡಿನೋಸಿನ್ ಅನ್ನೋ ರಾಸಾಯನಿಕ ಕೂಡುತ್ತಾ ಹೋಗುತ್ತೆ, ಅದು ಈ ರಿಸೆಪ್ಟರ್‌ಗಳಲ್ಲಿ ಕೂತಾಗ ತೂಕಡಿಕೆ ಬರುತ್ತೆ. ಕಾಫಿಯಲ್ಲಿರುವ ಕೆಫೀನ್ ಬಂದು ಅದೇ ಜಾಗ ಹಿಡಿಯುತ್ತೆ, ನಿಮ್ಮ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ. ಟ್ರೇಸರ್‌ಗೂ ಬೇಕಿರೋದು ಅದೇ ಸೀಟು. ಜರ್ಮನಿಯ ಯೂಲಿಷ್ ಊರಿನ ವಿಜ್ಞಾನಿಗಳು ಸಿಪಿಎಫ್‌ಪಿಎಕ್ಸ್ ಅನ್ನೋ ಟ್ರೇಸರ್ ಹಾಕಿ ಆರೋಗ್ಯವಂತರ ಮಿದುಳಲ್ಲೇ ಇದನ್ನು ಅಳೆದಿದ್ದಾರೆ. ದಿನವಿಡೀ ಕಾಫಿ ಕುಡಿಯುವವರಲ್ಲಿ ಎ1 ರಿಸೆಪ್ಟರ್‌ಗಳ ಅರ್ಧದವರೆಗೂ ಕೆಫೀನ್ ಹಿಡಿದಿರಬಹುದು ಅನ್ನೋದು 2012ರಲ್ಲಿ ಅವರು ಕೊಟ್ಟ ಅಂದಾಜು. ಹಾಗಾಗಿ ಸ್ಕ್ಯಾನ್‌ಗೆ ಒಂದೂವರೆ ದಿನ ಮುಂಚಿನಿಂದ ಕಾಫಿ, ಟೀ, ಕೋಲಾ, ಚಾಕೊಲೇಟ್ ಯಾವುದೂ ಕೂಡದು ಅಂತ ನಮಗೆ ಕಟ್ಟಪ್ಪಣೆ ಇತ್ತು.

ನಾನು ಆಲ್ದೂರು ಕಡೆಯ ತೋಟದ ಮನೆಯವಳು. ಬುದ್ಧಿ ಬಂದಾಗಿನಿಂದ ಕಾಫಿ ಇಲ್ಲದೆ ಬೆಳಗಾದದ್ದೇ ಇಲ್ಲ. ಅಂಥವರು ಕಾಫಿ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತೆ. ನನಗೂ ಹಿಂದಿನ ರಾತ್ರಿ ಶುರುವಾಯಿತು, ಕಣ್ಣಿನ ಹಿಂದಿನಿಂದ ಹಿಡಿದು ಕತ್ತಿನವರೆಗೆ. ಅಮ್ಮನಿಗೆ ಫೋನ್ ಮಾಡಿದೆ. "ಡಬ್ಬೀಲಿ ಮಾತ್ರೆ ಹಾಕಿ ಕೊಟ್ಟಿದ್ದೀನಲ್ಲ ಮಾರಾಯ್ತಿ, ಒಂದು ನುಂಗಿ ಮಲಕ್ಕೋ" ಅಂದ್ರು. ರಾತ್ರಿ ಒಂದು ನುಂಗಿದೆ, ಬೆಳಗ್ಗೆ ಎದ್ದಾಗಲೂ ನೋವಿತ್ತು, ಇನ್ನೊಂದು ನುಂಗಿ ಹೊರಟೆ.

ಅಲ್ಲಿ ನರ್ಸ್ ಕೇಳಿದರು: ಏನಾದರೂ ಔಷಧಿ ತಗೊಂಡಿದ್ದೀರಾ? "ಪ್ಯಾರಸಿಟಮಾಲ್" ಅಂದೆ. ಅವರು ಬರೆದುಕೊಂಡರು.

ಆ ಒಂದು ಮಾತೇ ಎಲ್ಲ ಕೆಡಿಸಿದ್ದು. ಮಾತ್ರೆ ನುಂಗಿದ್ದನ್ನು ನಾನು ದೊಡ್ಡ ತಪ್ಪು ಅನ್ನಲ್ಲ, ಸ್ಟ್ರಿಪ್ ತೋರಿಸಿದ್ದರೆ ಸ್ಕ್ಯಾನನ್ನು ಬೇರೆ ದಿನಕ್ಕೆ ಹಾಕುತ್ತಿದ್ದರು, ಅಷ್ಟೇ. ಸ್ಟ್ರಿಪ್ ಬ್ಯಾಗಿನಲ್ಲೇ ಇತ್ತು. ನಮ್ಮೂರ ಮೆಡಿಕಲ್ ಶಾಪಿನಲ್ಲಿ "ತಲೆನೋವಿನ ಮಾತ್ರೆ" ಅಂತ ಕೇಳಿ ತರುವುದರಲ್ಲಿ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಜೊತೆ ಕೆಫೀನ್ ಸೇರಿಸಿರುತ್ತಾರೆ. ಸ್ಟ್ರಿಪ್‌ನ ಬೆನ್ನಿಗೆ, ಬೆಳ್ಳಿಬಣ್ಣದ ಹಾಳೆಯ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತೆ. ಮಾತ್ರೆ ಒತ್ತಿ ತೆಗೆದ ಕಡೆ ಹಾಳೆ ಹರಿದು ಅಕ್ಷರವೂ ಹೋಗಿರುತ್ತೆ. ತಲೆನೋವಿನ ಮಾತ್ರೆ ಅಂದರೆ ಪ್ಯಾರಸಿಟಮಾಲ್ ಅಂತ ನನ್ನ ತಲೆಯಲ್ಲಿ ಕೂತಿತ್ತು. ಗೊತ್ತಿದೆ ಅಂದುಕೊಂಡಿದ್ದನ್ನು ಹೇಳಿದೆ, ಕೈಯಲ್ಲಿ ಇದ್ದದ್ದನ್ನು ತೋರಿಸಲಿಲ್ಲ.

ಮುಂದೆ ಎಲ್ಲವೂ ಸರಿಯಾಗೇ ನಡೆಯಿತು. ವೈದ್ಯರು ನನ್ನ ಮಣಿಕಟ್ಟಿನ ಎರಡೂ ಅಪಧಮನಿಗಳನ್ನು ಬೆರಳಿಂದ ಒತ್ತಿ ಹಿಡಿದು, ಮುಷ್ಟಿ ಕಟ್ಟಿ ಬಿಡು ಅಂದರು. ಅಂಗೈ ಬಿಳುಚಿತು. ಕಿರುಬೆರಳಿನ ಕಡೆಯದನ್ನು ಮಾತ್ರ ಬಿಟ್ಟು, ಕೆಂಪು ಎಷ್ಟು ಬೇಗ ತಿರುಗುತ್ತೆ ಅಂತ ನೋಡಿದರು. ಇನ್ನೊಂದಕ್ಕೆ ನಳಿಕೆ ಹಾಕಿದರೂ ಕೈಗೆ ರಕ್ತ ಸಾಲುತ್ತಾ ಅಂತ ತಿಳಿಯಲು ಹೀಗೆ ನೋಡುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನಳಿಕೆ ಹಾಕಿದರು. ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಒತ್ತಿ, ತಲೆ ಅಲುಗದ ಹಾಗೆ ಅಚ್ಚು ಮಾಡಿದರು. ಟ್ರೇಸರ್ ಒಳಹೋದ ಮೇಲೆ ಮೊದಮೊದಲು ಕೆಲವೇ ಸೆಕೆಂಡಿಗೊಮ್ಮೆ, ಆಮೇಲೆ ಬಿಟ್ಟುಬಿಟ್ಟು, ನಳಿಕೆಯಿಂದ ರಕ್ತ ತೆಗೆಯುತ್ತಲೇ ಇದ್ದರು. ರಕ್ತದಲ್ಲಿ ಟ್ರೇಸರ್ ಎಷ್ಟಿದೆ, ಅದರಲ್ಲಿ ಎಷ್ಟು ಒಡೆದುಹೋಗಿದೆ ಅಂತ ಗೊತ್ತಾದರೆ ತಾನೇ ಮಿದುಳಿಗೆ ಹೋದದ್ದರ ಲೆಕ್ಕ ಸಿಗೋದು?

ಸ್ಕ್ಯಾನ್‌ಗೆ ಮುಂಚೆ ತೆಗೆದ ರಕ್ತದಲ್ಲಿ ಕೆಫೀನ್ ಇತ್ತು. ಆ ವರದಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನನ್ನ ಅಂಕಿಗಳನ್ನು ತೆಗೆದುಹಾಕಿದರು. ಅದೇ ವ್ಯಕ್ತಿಯನ್ನು ಮತ್ತೆ ಸ್ಕ್ಯಾನ್ ಮಾಡಿದರೆ ಅದೇ ಉತ್ತರ ಬರುತ್ತಾ ಅಂತ ನೋಡಲು ಇಟ್ಟಿದ್ದ ನನ್ನ ಎರಡನೇ ಸರದಿ ರದ್ದಾಯಿತು, ಅದರ ದುಡ್ಡೂ ಹೋಯಿತು. ದುಡ್ಡು ಹೋಗಲಿ. ಟ್ರೇಸರ್‌ನಲ್ಲಿ ವಿಕಿರಣ ಸೂಸುವ ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ, ಅಷ್ಟರಲ್ಲಿ ಅರ್ಧ ಇಲ್ಲವಾಗಿರುತ್ತೆ, ಹಿಂದಿನ ದಿನ ಮಾಡಿಡಲು ಆಗಲ್ಲ. ನನಗೋಸ್ಕರ ಬೆಳಗಿನ ಜಾವ ಎದ್ದು ಬಂದು ಟ್ರೇಸರ್ ತಯಾರಿಸಿದವರ ಶ್ರಮ ಹಾಳಾಯಿತು. ನನ್ನ ಮೈಗೆ ಹೋದ ವಿಕಿರಣದಿಂದ ಒಬ್ಬರಿಗೂ ಏನೂ ತಿಳಿಯಲಿಲ್ಲ. ನನಗೆ ಇವತ್ತಿಗೂ ಬೇಜಾರು ಅದೇ.

ಈಗ ನಿಮ್ಮ ಪ್ರಶ್ನೆಗೆ. ವಿಕಿರಣಕ್ಕೆ ಅಷ್ಟು ಹೆದರಬೇಡಿ. ಇಂಥ ಒಂದು ಸ್ಕ್ಯಾನ್‌ಗೆ ಸಾಮಾನ್ಯವಾಗಿ ಕೆಲವೇ ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ). ನೆಲ, ಗಾಳಿ, ಆಕಾಶದಿಂದ ಜಗತ್ತಿನ ಜನರಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ಬೀಳುತ್ತೆ. ಆದರೆ ಹಿಂದಿನದು ಲೆಕ್ಕಕ್ಕೆ ಬರುತ್ತೆ, ಊರಲ್ಲಿ ಬೈಕಿನಿಂದ ಬಿದ್ದು ಸಿಟಿ ಸ್ಕ್ಯಾನ್ ಮಾಡಿಸಿದ್ದರೆ ಅದನ್ನೂ ಹೇಳಿ. ಈ ಟ್ರೇಸರ್ ಯಾವ ಅಂಗದಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ ಅಂತ ಇಡೀ ಮೈಯ ಸ್ಕ್ಯಾನ್ ಮಾಡಿ ನೋಡಿದ್ದಾರಾ, ಇಲ್ಲ ಅದನ್ನು ನೋಡೋದೇ ನಿಮ್ಮ ಮೇಲಾ ಅಂತ ಕೇಳಿ.

ದುಡ್ಡಿಗೆ ತಕ್ಕುದೇ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಬಾಡಿಗೆ ಕಟ್ಟೋಕೆ ಹೋಗೋದಾದರೆ ಹೋಗಲೇಬೇಡಿ. ದುಡ್ಡು ಮುಖ್ಯವಾದಾಗ "ರಾತ್ರಿ ಒಂದು ಸಿಗರೇಟ್ ಸೇದಿದೆ" ಅನ್ನೋ ಮಾತು ಬಾಯಿಂದ ಹೊರಗೆ ಬರಲ್ಲ. ಒಂದೆರಡು ದಮ್ ಎಳೆದರೂ ನಿಕೋಟಿನ್ ತನ್ನ ರಿಸೆಪ್ಟರ್‌ಗಳಲ್ಲಿ ಅರ್ಧದಷ್ಟನ್ನು ಹಿಡಿಯುತ್ತೆ ಅಂತ 2006ರ ಅಧ್ಯಯನದಲ್ಲಿ ಕಂಡಿದೆ. 1983ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೈದ್ಯ ಹೆನ್ರಿ ವ್ಯಾಗ್ನರ್, ಡೋಪಮಿನ್ ಅನ್ನೋ ಮಿದುಳಿನ ರಾಸಾಯನಿಕದ ರಿಸೆಪ್ಟರ್‌ನ ಚಿತ್ರಕ್ಕೆ ತಾವೇ ಮಲಗಿದರು. ಆರೋಗ್ಯವಂತ ಮಿದುಳಿನ ಅಳತೆ ಸಿಗದಿದ್ದರೆ ಪಾರ್ಕಿನ್ಸನ್ ಆದವರ ಮಿದುಳಲ್ಲಿ ಏನು ಕಮ್ಮಿಯಾಗಿದೆ, ಏನು ಹೆಚ್ಚಾಗಿದೆ ಅಂತ ಯಾವುದಕ್ಕೆ ಹೋಲಿಸಿ ಹೇಳೋದು? ನಿಮ್ಮದು ಆ ಅಳತೆ, ತಪ್ಪಾದರೆ ರೋಗಿಗಳ ಲೆಕ್ಕವೂ ತಪ್ಪುತ್ತೆ.

ಮನೇಲಿ ಖಂಡಿತ ಹೇಳಿ. ಡಬ್ಬಿಯಲ್ಲಿ ಏನೇನು ಹಾಕಿದ್ದಾರೆ, ಕಷಾಯದ ಪುಡಿಗೆ ಏನು ಬೆರೆಸಿದ್ದಾರೆ ಅಂತ ಗೊತ್ತಿರೋದು ಅವರಿಗೇ. ಸ್ಕ್ರೀನಿಂಗ್‌ಗೆ ಹೋಗುವಾಗ ಡಬ್ಬಿಯನ್ನೇ ತಗೊಂಡು ಹೋಗಿ ಮೇಜಿನ ಮೇಲಿಡಿ. ತಲೆನೋವು ಬಂದರೆ ಯಾವ ಮಾತ್ರೆ ನುಂಗಬಹುದು ಅಂತ ಅವತ್ತೇ ಕೇಳಿ ಬರೆಸಿಕೊಳ್ಳಿ. ನೋಟಿಸಿನಲ್ಲಿ ಯಾವ ರಿಸೆಪ್ಟರ್ ಅಂತ ಇದ್ದರೆ ಇಲ್ಲಿ ಹಾಕಿ, ಏನೇನು ಬಿಡಬೇಕಾಗಬಹುದು ಅಂತ ನನಗೆ ತಿಳಿದಷ್ಟು ಬರೆಯುತ್ತೇನೆ.