ಹುಳುವಿನ ಮಾತ್ರೆ ಕೊಟ್ಟಾಯ್ತು, ಕಣ್ಣು ನೋಡಿಯಾಯ್ತು, ಮುಂದೆ?

ಪ್ರಶ್ನೆ: ನಾನು ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಜಂತುಹುಳುವಿನ ಮಾತ್ರೆ ಕೊಟ್ಟ ದಿನ ಇಬ್ಬರು ಮಕ್ಕಳಿಗೆ ಹೊಟ್ಟೆನೋವು ಬಂತು, ಒಬ್ಬಳು ವಾಂತಿ ಮಾಡಿಕೊಂಡಳು. ‘ಪರೀಕ್ಷೆ ಮಾಡದೆ ಎಲ್ಲರಿಗೂ ಯಾಕೆ ಕೊಟ್ಟಿರಿ?’ ಎಂದು ಪೋಷಕರು ಜಗಳಕ್ಕೆ ಬಂದರು. ವಾರದ ಕಬ್ಬಿಣಾಂಶದ ಮಾತ್ರೆಯನ್ನು ದೊಡ್ಡ ಹುಡುಗಿಯರು ಕಿಟಕಿಯಾಚೆ ಎಸೆಯುತ್ತಾರೆ. ವರ್ಷಕ್ಕೊಮ್ಮೆ ವೈದ್ಯರ ತಂಡ ಬಂದು ಪಟ್ಟಿ ಬರೆದು ಹೋಗುತ್ತದೆ. ಇದರಿಂದೆಲ್ಲ ನಿಜವಾಗಿ ಉಪಯೋಗವಿದೆಯೇ?

ಉತ್ತರ: ಪೋಷಕರು ಕೇಳಿದ್ದು ನ್ಯಾಯವಾಗಿಯೇ ಇದೆ ಮೇಡಂ, ಅದರಿಂದಲೇ ಶುರು ಮಾಡುತ್ತೇನೆ. ಹುಳು ಇದೆಯೋ ಇಲ್ಲವೋ ತಿಳಿಯಲು ಪ್ರತಿ ಮಗುವಿನ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆ ಪರೀಕ್ಷೆಯ ಖರ್ಚು ಮಾತ್ರೆಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಹುಳುವಿಲ್ಲದ ಮಗುವಿಗೆ 400 ಮಿ.ಗ್ರಾಂ. ಆಲ್ಬೆಂಡಝೋಲ್ (ಜಂತುಹುಳುವಿನ ಮಾತ್ರೆಯ ಔಷಧ) ಕೊಟ್ಟರೂ ತೊಂದರೆಯಾಗುವುದು ತೀರಾ ಅಪರೂಪ. ಅದಕ್ಕೇ ಒಂದು ಪ್ರದೇಶದ ಶೇ 20ರಷ್ಟು ಮಕ್ಕಳಲ್ಲಿ ಹುಳುವಿದ್ದರೆ ವರ್ಷಕ್ಕೊಮ್ಮೆ, ಶೇ 50 ದಾಟಿದರೆ ಎರಡು ಬಾರಿ ಎಲ್ಲರಿಗೂ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಟ್ಟೆನೋವು, ವಾಕರಿಕೆ ಹೆಚ್ಚಾಗಿ ಕಾಣುವುದು ಹುಳು ಜಾಸ್ತಿಯಿದ್ದ ಮಕ್ಕಳಲ್ಲಿ. ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಈ ಮಾತನ್ನು ಪೋಷಕರಿಗೆ ಮಾತ್ರೆ ಕೊಡುವ ಹಿಂದಿನ ವಾರ ಹೇಳಿದರೆ ಮಾಹಿತಿ, ವಾಂತಿಯಾದ ಮೇಲೆ ಹೇಳಿದರೆ ಸಬೂಬು. ಜ್ವರ ಬಂದ ಮಗುವಿಗೆ ಅಂದು ಕೊಡಬೇಡಿ. ಚಿಕ್ಕವರು ಅಗಿದು ನುಂಗುವುದನ್ನು ಎದುರು ನಿಂತು ನೋಡಿ.

ಆದರೆ ಶೌಚಾಲಯದಲ್ಲಿ ನೀರಿಲ್ಲದ ಶಾಲೆಯಲ್ಲಿ ಬರೀ ಮಾತ್ರೆ ಹಂಚುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹುಳುವಿನ ಮೊಟ್ಟೆ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮದಿಂದಲೇ ಒಳಹೊಗುತ್ತದೆ. 2000ದಲ್ಲಿ ಸೆನೆಗಲ್ ದೇಶದ ಡಕಾರ್‌ನಲ್ಲಿ ಯುನೆಸ್ಕೊ, ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ, ವಿಶ್ವಬ್ಯಾಂಕ್ ಸೇರಿ ಶಾಲಾ ಆರೋಗ್ಯಕ್ಕೊಂದು ಚೌಕಟ್ಟು ಹಾಕಿದವು. ಅದರ ನಾಲ್ಕು ಕಂಬಗಳಲ್ಲಿ ಚಿಕಿತ್ಸಾ ಸೇವೆ ಒಂದು ಮಾತ್ರ. ಉಳಿದವು ಶಾಲೆಯ ನೀತಿ, ನೀರು-ನೈರ್ಮಲ್ಯ ಮತ್ತು ಆರೋಗ್ಯ ಶಿಕ್ಷಣ. ಫೋಟೊಗೆ ಸಿಗುವುದು ಚಿಕಿತ್ಸೆಯೊಂದೇ, ಹಾಗಾಗಿ ಎಲ್ಲರೂ ಅದರ ಹಿಂದೆಯೇ.

ಕಬ್ಬಿಣಾಂಶದ ಮಾತ್ರೆ ಎಸೆಯುವ ಹುಡುಗಿಯರನ್ನು ಬೈಯಬೇಡಿ. ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳೆಸುತ್ತದೆ, ಮರುದಿನ ಮಲ ಕಪ್ಪಗಾಗುತ್ತದೆ. ಯಾರೂ ಹೇಳದಿದ್ದರೆ ಗಾಬರಿಯಾಗದೇ? ಊಟವಾದ ಮೇಲೆ ಕೊಡಿ, ಬಣ್ಣದ ವಿಷಯ ಮುಂಚೆಯೇ ಹೇಳಿ. ಅವರೆದುರೇ ನೀವೂ ಒಂದು ನುಂಗಿದರೆ ಇನ್ನೂ ಒಳ್ಳೆಯದು.

ಈಗ ಆ ಪಟ್ಟಿಯ ವಿಷಯ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ತಪಾಸಣೆ ತಂಡದಲ್ಲಿದ್ದಾಗ ಒಂದು ಶಾಲೆಯಲ್ಲಿ ಆರನೇ ತರಗತಿಯ ಹುಡುಗನ ಕಣ್ಣು ನೋಡಿದೆ. ಆರು ಮೀಟರ್ ದೂರದ ಫಲಕದಲ್ಲಿ ಮೇಲಿನ ದೊಡ್ಡ ಅಕ್ಷರ ಬಿಟ್ಟು ಏನೂ ಕಾಣಲಿಲ್ಲ. ಚೀಟಿ ಬರೆದುಕೊಟ್ಟೆ. ಮರುವರ್ಷ ಹೋದಾಗ ಅದೇ ಹುಡುಗ, ಕನ್ನಡಕವಿಲ್ಲ. ನಾನು ಕೊಟ್ಟ ಚೀಟಿ ನಾಲ್ಕು ಮಡಿಕೆಯಾಗಿ ಅವನ ಕಂಪಾಸ್ ಪೆಟ್ಟಿಗೆಯಲ್ಲೇ ಇತ್ತು. ಅಪ್ಪ ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು, ಆಗಲಿಲ್ಲ. ಹುಡುಗ ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದ. ನಕಲು ಮಾಡುತ್ತಾನೆಂದು ಏಟೂ ತಿಂದಿದ್ದ.

ನಮ್ಮ ಲೆಕ್ಕದಲ್ಲಿ ಅವನು ‘ತಪಾಸಣೆಯಾದ ಮಗು’. ಎರಡು ವರ್ಷವೂ.

ಆದ್ದರಿಂದ ಉಪಯೋಗವಿದೆಯೇ ಎಂದರೆ, ಚೀಟಿ ಕನ್ನಡಕವಾದರೆ ಇದೆ. ನಿಮ್ಮ ಹಾಜರಿ ಪುಸ್ತಕದ ಹಿಂದೆ ಮೂರು ಗೆರೆ ಎಳೆಯಿರಿ: ಯಾರಿಗೆ ಚೀಟಿ, ಆಸ್ಪತ್ರೆಗೆ ಹೋದ ದಿನ, ಏನು ಸಿಕ್ಕಿತು. ಹೋಗದ ಮನೆಗಳಿಗೆ ಒಬ್ಬೊಬ್ಬರಾಗಿ ಹೇಳುವ ಬದಲು, ನಾಲ್ಕೈದು ಮಕ್ಕಳನ್ನು ಒಬ್ಬ ಪೋಷಕರ ಜತೆ ಒಂದೇ ದಿನ ಕಳುಹಿಸಿದರೆ ಒಂದೇ ಕೂಲಿ ಹೋಗುತ್ತದೆ. ಕನ್ನಡಕ ಬಂದ ಮೇಲೆ ತರಗತಿಯಲ್ಲಿ ಗೇಲಿ ಶುರುವಾಗುತ್ತದೆ, ಮೊದಲ ವಾರ ಗಮನವಿಡಿ. ಬ್ಯಾಗಿನೊಳಗೆ ಸೇರಿದ ಕನ್ನಡಕ ಹೊರಬರುವುದಿಲ್ಲ. ಮುಂದಿನ ಸಲ ತಂಡ ಬಂದು ಹೊಸ ಪಟ್ಟಿಗೆ ಹಾಳೆ ತೆಗೆದಾಗ, ನಿಮ್ಮ ಹಳೆಯ ಪಟ್ಟಿಯನ್ನು ಅವರ ಮುಂದಿಡಿ.